ಎತ್ತಬಾರದ ಫೋನು

ಬಾಡ, ಕುಮಟಾ ತಾಲೂಕು
12 ಫೆಬ್ರವರಿ 2006

ಸೊಸೆ ನೇತ್ರಾಳಿಗೆ ಬಾಡದಿಂದ ಮಾವನ ಆಶೀರ್ವಾದ.

ಮೀನಿನ ವ್ಯಾನಿನ ವೆಂಕಟ್ರಮಣನ ಕೈಯಲ್ಲಿ ನೀನು ಕಳಿಸಿದ ಮೊಬೈಲು ಬಂದು ಮುಟ್ಟಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ. "ಕಡಲಿನಿಂದ ಬಂದ ಕೂಡಲೇ ಇವರು ಒಂದು ರಿಂಗು ಕೊಡುತ್ತಾರಂತೆ. ನೀವು ಎತ್ತುವುದು ಬೇಡವಂತೆ. ಬಂದರು ಎಂದು ಗೊತ್ತಾದರೆ ಸಾಕಂತೆ." ಮಕ್ಕಳಿಗೆ ಮೀನಿನ ಮುಳ್ಳು ಬಿಡಿಸಿ ಕೊಡುವ ಹಾಗೆ ಗಂಡನ ಮಾತಿನ ಮುಳ್ಳು ಬಿಡಿಸಿ ಬರೆದಿದ್ದೀ. ಸಂಜಯ ಹೇಳಿದ್ದು ಇಷ್ಟು ಮೆತ್ತಗೆ ಇರಲಿಕ್ಕಿಲ್ಲ, ನನಗೆ ಗೊತ್ತು.

ಇರಲಿ. ಫೋನು ಯಾಕೆ ಕೊಂಡ ಎಂಬುದೂ ಗೊತ್ತು. ಕಾರ್ತಿಕದಲ್ಲಿ ನಿನ್ನ ಅತ್ತೆ ಕಣ್ಣು ಮುಚ್ಚಿದಾಗ ಅವನ ಬೋಟು ಯಾವ ನೀರಿನಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ. ಹೇಳಿಕಳಿಸಲು ದಾರಿಯಿರಲಿಲ್ಲ. ಊರವರು "ಇನ್ನು ಇಟ್ಕಳೂಕೆ ಆಗೂದಿಲ್ಲ" ಎಂದರು, ನಾನು ಆಗಲಿ ಎಂದೆ. ಅವನು ಬರುವಾಗ ಬೂದಿಯೂ ಆರಿತ್ತು. ಅಂಗಳದಲ್ಲಿ ನಿಂತು, "ನಿಂಗೆ ಕಾಯೂಕೆ ಆಗ್ಲಿಲ್ವ?" ಎಂದು ಕೇಳಿದ. ಅದೇ ಕೊನೆ. ಆಮೇಲೆ ಅವನು ನನ್ನ ಹತ್ತಿರ ಮಾತಾಡಿಲ್ಲ, ನಾನೂ ಆಡಿಲ್ಲ. ನಿನ್ನನ್ನು ಕರೆದುಕೊಂಡು ಭಟ್ಕಳದ ಕಡೆ ಹೋದವನು ಈಗ ಎರಡು ಫೋನು ಕೊಂಡು ಒಂದನ್ನು ನನಗೆ ಕಳಿಸಿದ್ದಾನೆ. ನನಗೆ ಅಷ್ಟು ಸಾಕು.

ನಿನ್ನೆ ರಿಂಗು ಬಂತು. ನಾನು ಜಗುಲಿಯಲ್ಲಿ ಹರಿದ ಬಲೆ ಸರಿ ಮಾಡುತ್ತಾ ಕೂತಿದ್ದೆ. ನನ್ನ ತಮ್ಮ ಜಟ್ಟಿ ಎತ್ತಲು ಓಡಿ ಬಂದ. "ಮುಟ್ಬೇಡ್ವ! ಅದು ಎತ್ತೂ ಫೋನಲ್ಲ!" ಎಂದು ಕೂಗಿದೆ. ಅದು ಟ್ರಿಣ್ ಟ್ರಿಣ್ ಎನ್ನುತ್ತಾ ಇತ್ತು, ಮನೆಯವರೆಲ್ಲ ಸುತ್ತ ನಿಂತು ನೋಡುತ್ತಾ ಇದ್ದೆವು. ತಾನಾಗಿಯೇ ನಿಂತಿತು. ಆ ಮೇಲೆ ನನಗೆ ಊಟ ರುಚಿಸಿತು. ಅಡುಗೆ ಜಟ್ಟಿಯ ಹೆಂಡತಿ ಬಂಗಾರಿಯದು, ಆದರೆ ಅದನ್ನು ಅವಳಿಗೆ ಹೇಳಲಿಲ್ಲ.

ಕ್ಷೇಮ ಬಯಸುವ,
ಅಣ್ಣಪ್ಪ


ಬೆಳಕೆ, ಭಟ್ಕಳ ತಾಲೂಕು
19 ಮಾರ್ಚ್ 2006

ಪೂಜ್ಯ ಮಾವನವರಿಗೆ ನೇತ್ರಾಳ ನಮಸ್ಕಾರ.

ನಿಮ್ಮ ಪತ್ರ ಓದಿ ನಕ್ಕೆ. ಒಬ್ಬಳೇ ಇದ್ದಾಗ ಓದಿದೆ, ಆದ್ದರಿಂದ ನಗಬಹುದಾಗಿತ್ತು. ಇವರ ಎದುರಿಗೆ ನಿಮ್ಮ ಹೆಸರು ಬಂದರೆ ಇನ್ನೂ ಮುಖ ಬಿಗಿಯುತ್ತದೆ.

ಆದರೂ ಒಂದು ಮಾತು ಹೇಳುತ್ತೇನೆ, ನಾನು ಹೇಳಿದೆ ಎಂದು ಆಗಬಾರದು. ಮೊನ್ನೆ ಬೋಟು ಬಂದಾಗ ನಾನು ಬಂದರಿನಲ್ಲಿದ್ದೆ. ಎಲ್ಲರೂ ಮೀನು ಇಳಿಸುತ್ತಿದ್ದರೆ ಇವರು ಮೊದಲು ಬೋಟು ಕಟ್ಟುವ ದಕ್ಕೆಯ ತುದಿಗೆ ಹೋದರು. ಫೋನು ಕಿವಿಗೆ ಹಿಡಿದು ಕಡಲ ಕಡೆ ಮುಖ ಮಾಡಿ ನಿಂತರು. "ಅವರು ಎತ್ತೂದಿಲ್ವಲ, ಕಿವಿಗೆ ಎಂತಕ್ಕೆ ಹಿಡ್ಕಂತ್ರಿ?" ಎಂದು ಕೇಳಿದೆ. ನಿಮ್ಮ ಜಗುಲಿಯಲ್ಲಿ ಅದು ಬಡಿದುಕೊಳ್ಳುವುದನ್ನು ಇಲ್ಲಿಂದ ಕೇಳುತ್ತಾರೆ ಎಂದು ನನಗೆ ಕಾಣುತ್ತದೆ.

ನನಗೊಂದು ಫೋನು ಬೇಕೆಂದು ನಾನು ಕೇಳಿಲ್ಲ. ನನಗೆ ಬಂದರು ಹತ್ತಿರವಿದೆ.

ನಿಮ್ಮ ಸೊಸೆ,
ನೇತ್ರಾ


ಬಾಡ
24 ಮೇ 2006

ನೇತ್ರಾಳಿಗೆ ಆಶೀರ್ವಾದ.

ಈ ಫೋನಿಗೆ ದೆವ್ವ ಹಿಡಿದಿದೆ. ದಿನಕ್ಕೆ ಎಷ್ಟೋ ಸಲ ಟುಂಯ್ ಎನ್ನುತ್ತದೆ. ಅವನೇ ಇರಬೇಕೆಂದು ಬಲೆ, ಸೂಜಿ ಎಲ್ಲ ಬಿಸಾಡಿ ಎದ್ದು ಓಡುತ್ತೇನೆ. ನೋಡಿದರೆ ಇಂಗ್ಲಿಷಿನಲ್ಲಿ ಏನೋ ಗೀಚಿರುತ್ತದೆ. ಕುಮಟೆಯಲ್ಲಿ ಫೋನಂಗಡಿ ಇಟ್ಟಿರುವ ಶ್ರೀಕೃಷ್ಣನ ಹತ್ತಿರ ಒಯ್ದು ಓದಿಸಿದೆ. ಒಂದರಲ್ಲಿ ಇವತ್ತು ನನಗೆ ಹಳದಿ ಬಣ್ಣ ಶುಭವಂತೆ. ಇನ್ನೊಂದು ನಗೆಹನಿಯಂತೆ. ಅವನು ಓದಿ ಹೇಳಿದ, ನಗು ಅವನಿಗೂ ಬರಲಿಲ್ಲ. ಮತ್ತೊಂದು ಪ್ರೀತಿ ಮಾಡುವುದು ಹೇಗೆ ಎಂದು ಬುದ್ಧಿ ಹೇಳುತ್ತದಂತೆ. ನನಗೆ! ಇದಕ್ಕೆಲ್ಲ ಕಂಪನಿ ನನ್ನ ದುಡ್ಡು ಮುರಿದುಕೊಳ್ಳುತ್ತದಂತೆ. ದಾರಿಹೋಕನೊಬ್ಬ ಮನೆಗೆ ನುಗ್ಗಿ ಕತೆ ಹೇಳಿ, ಹೋಗುವಾಗ ನನ್ನ ಅಂಗಿಯ ಜೇಬಿಗೆ ಕೈ ಹಾಕಿದ ಹಾಗೆ ಆಯಿತು.

ಹೋದ ತಿಂಗಳು ಒಂದು ದಿನ ಹೊಸ ನಂಬರಿನಿಂದ ಬಿಡದೆ ಬಡಿದುಕೊಂಡಿತು. ಆಸ್ಪತ್ರೆಯೋ ಏನೋ ಎಂದು ಹೆದರಿ ಎತ್ತಿದರೆ ಒಬ್ಬಳು ಹಿಂದಿಯಲ್ಲಿ ವಟಗುಟ್ಟುತ್ತಿದ್ದಳು. "ಇದು ನನ್ನ ಮಗ ರಿಂಗು ಕೊಡೂ ಫೋನು, ಇಡಿ" ಎಂದೆ. ಕೇಳುವವಳೇ ಅಲ್ಲ. ಅವಳ ಬಾಯಿ ಮುಚ್ಚಿಸಲು ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿದೆ.

ಮತ್ತೇನಿಲ್ಲ. ಅಲ್ಲಿ ಕಡಲು ಹೇಗಿದೆ? ಈ ತಿಂಗಳ ಮೊದಲಿಗೆ ಅವನ ರಿಂಗು ಬಂದದ್ದು ಅರ್ಧಕ್ಕೇ ಕತ್ತರಿಸಿಹೋಯಿತು. ಕೂಡಲೇ ಇನ್ನೊಂದು ಬಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು, ಅವೂ ಹಾಗೆಯೇ. ಆಮೇಲೆ ಬಂದಿಲ್ಲ. ಬೋಟು ಮತ್ತೊಮ್ಮೆ ಬಂದಿರಬೇಕು, ರಿಂಗೂ ಬರಬೇಕಿತ್ತು. ಸುಮ್ಮನೆ ಕೇಳಿದೆ, ಹೆದರಿಕೆಯೇನಿಲ್ಲ. ಆದರೂ ಬೇಗ ಬರೆ.

ಅಣ್ಣಪ್ಪ


ಬೆಳಕೆ
3 ಜೂನ್ 2006

ಮಾವನವರಿಗೆ ನಮಸ್ಕಾರ.

ಹೆದರಬೇಡಿ. ಬೋಟು ಸರಿಯಾಗಿ ಬಂದಿದೆ, ಇವರೂ ಆರಾಮ ಇದ್ದಾರೆ. ರಿಂಗಿನ ವಿಷಯ ಕೇಳಿದೆ. ಎದ್ದು ಹೊರಗೆ ಹೋದರು. ಇನ್ನು ಮಳೆಗಾಲ, ಬೋಟುಗಳೆಲ್ಲ ದಡದ ಮೇಲೆ ಬರುತ್ತವೆ. ಕಡಲಿಗೆ ಹೋಗುವುದಿಲ್ಲವಾದ್ದರಿಂದ ರಿಂಗಿನ ಅಗತ್ಯವೂ ಇರುವುದಿಲ್ಲ.

ನಿಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಿ.

ನೇತ್ರಾ


ಬಾಡ
16 ಜುಲೈ 2006

ನೇತ್ರಾ,

ಇಷ್ಟು ಬರೆದು ಏನನ್ನೂ ಹೇಳದೆ ಇರುವುದನ್ನು ನೀನು ಎಲ್ಲಿ ಕಲಿತೆ? ನನ್ನ ಮೊಣಕಾಲಿನ ಚಿಂತೆ ನಿನಗೆ ಬೇಡ.

ಬೋಟು ದಡದಲ್ಲಿದೆ, ಅವನು ಮನೆಯಲ್ಲಿದ್ದಾನೆ. ಬಾಡಕ್ಕೆ ಬಸ್ಸೂ ಇದೆ. ತೀರಿಹೋದ ಅವ್ವಿಯ ಮಾಸಿಕಕ್ಕೆ ಪ್ರತಿ ತಿಂಗಳೂ ಯಾರ ಕೈಯಲ್ಲಾದರೂ ತೆಂಗಿನಕಾಯಿ ಕಳಿಸುತ್ತಿದ್ದವನು ಈ ಸಲ ಅದನ್ನೂ ಕಳಿಸಲಿಲ್ಲ. ಫೋನು ಕೆಟ್ಟಿರಬಹುದು ಎಂದು ಜಟ್ಟಿ ಹೇಳುತ್ತಾನೆ. ಕೆಟ್ಟಿಲ್ಲ. ದರಿದ್ರ ಮೆಸೇಜುಗಳು ಬರುತ್ತಲೇ ಇವೆ. ಊಟಕ್ಕೆ ಕೂತರೂ ಅದು ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಟುಂಯ್ ಎಂದಾಗ ತುತ್ತು ಕೆಳಗಿಟ್ಟು ನೋಡಿದರೆ ನನ್ನ ರಾಶಿಫಲ.

ಅವನ ಮಟ್ಟಿಗೆ ನಾನು ಒಂದು ತಪ್ಪು ಮಾಡಿದವನು. ಅದಕ್ಕೆ ಮಾತು ಬಿಟ್ಟ, ಆದರೂ ರಿಂಗು ಕೊಡುತ್ತಿದ್ದ. ಈಗ ಅದನ್ನೂ ಬಿಟ್ಟಿದ್ದಾನೆಂದರೆ ಇನ್ನೊಂದು ಏನೋ ಮಾಡಿರಬೇಕು. ಏನೆಂದು ನನಗೆ ಗೊತ್ತಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ನಿನಗೆ ಗೊತ್ತಿದೆ, ನೀನು ಹೇಳುತ್ತಿಲ್ಲ. ಹೇಳು.

ಅಣ್ಣಪ್ಪ


ಬೆಳಕೆ
5 ಸೆಪ್ಟೆಂಬರ್ 2006

ಮಾವನವರಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ, ಬೈದುಕೊಳ್ಳಿ. ಬರೆಯಬಾರದೆಂದು ಇವರು ಮಾತು ತೆಗೆದುಕೊಂಡಿದ್ದರು. ಬೋಟು ಮತ್ತೆ ಕಡಲಿಗೆ ಹೋಗತೊಡಗಿದೆ. ನಿಮ್ಮನ್ನು ಕಂಡು ಬಂದ ವೆಂಕಟ್ರಮಣ, "ಅಣ್ಣಪ್ಪಣ್ಣ ಅರ್ಧ ಆಗಿ ಹೋಗಿದ್ರು" ಎಂದ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಮಾವ, ಮೇ ತಿಂಗಳಲ್ಲಿ ಬೋಟು ಬಂದಾಗ ಇವರು ದಕ್ಕೆಯ ತುದಿಗೆ ಹೋಗಿ ಫೋನು ಕಿವಿಗೆ ಹಿಡಿದರು. ರಿಂಗಿನ ಬದಲು ಹಾಡು ಬಂತಂತೆ. ದಿಬ್ಬಣದಲ್ಲಿ ಕುಣಿಯಲು ಹಾಕುವ ಹಿಂದಿ ಹಾಡು. ನಂಬರು ತಪ್ಪಿರಬೇಕೆಂದು ಮತ್ತೆ ಮಾಡಿದರೆ ಪುನಃ ಅದೇ. ಮನೆಗೆ ಬಂದು ನನಗೂ ಕೇಳಿಸಿದರು. ನನ್ನ ಕಿವಿಯಿಂದ ಫೋನು ಕಿತ್ತುಕೊಂಡು, "ಅವ್ವಿದು ವರ್ಷ ಕಳೀಲಿಲ್ಲ, ಅಪ್ಪಂಗೆ ಕುಣಿಯೂ ಹಾಡು ಬೇಕಾತು" ಎಂದರು. ಆ ದಿನ ಊಟ ಮಾಡಲಿಲ್ಲ.

ನಾವಿಲ್ಲಿ ಈ ವರ್ಷ ಚೌತಿ ಮಾಡಲಿಲ್ಲ. ನನ್ನ ತಂಗಿ ಧನ್ಯಾಳ ಮದುವೆಗೆ ಇವರು ಚಪ್ಪರದ ಹೊರಗೇ ನಿಂತು ಅಕ್ಕಿಕಾಳು ಹಾಕಿ ಬಂದರು. ನೀವು ಅಂಥವರಲ್ಲ ಎಂದು ನನಗೆ ಗೊತ್ತು. ಆದರೆ ಹಾಡನ್ನು ನಾನೂ ಕೇಳಿದ್ದೇನೆ. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಏನು ಎಂದು ಬರೆಯಿರಿ. ಇವರು ಈಗ ಮನೆಯಲ್ಲೇ ಇದ್ದಾರೆ, ವಾರದೊಳಗೆ ಹೊರಡಬಹುದು.

ನೇತ್ರಾ


ಬಾಡ
9 ಸೆಪ್ಟೆಂಬರ್ 2006

ನೇತ್ರಾ,

ಯಾವ ಹಾಡು? ನಿನ್ನ ಪತ್ರ ಓದಿದ ಕೂಡಲೇ ಫೋನು ಮುಂದಿಟ್ಟುಕೊಂಡು ತಿರುಗಿಸಿ ಮುರುಗಿಸಿ ನೋಡಿದೆ. ನನ್ನದು ಟ್ರಿಣ್ ಟ್ರಿಣ್ ಫೋನು. ಅಂಗಿ ಹಾಕಿಕೊಂಡು ಕುಮಟೆಗೆ ಹೋದೆ.

ಶ್ರೀಕೃಷ್ಣ ಅಂಗಡಿಯ ಫೋನಿನಿಂದ ನನ್ನ ನಂಬರು ಒತ್ತಿ ರಿಸೀವರನ್ನು ನನ್ನ ಕಿವಿಗೆ ಕೊಟ್ಟ. ನನ್ನ ಕೈಯಲ್ಲಿ ಫೋನು ಎಂದಿನಂತೆ ಟ್ರಿಣ್ ಎನ್ನುತ್ತಿದೆ, ಕಿವಿಯಲ್ಲಿ ಡೋಲು, ಬ್ಯಾಂಡು, ಯಾರೋ ಹುಡುಗಿಯ ಕೇಕೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ದಕ್ಕೆಯ ತುದಿಯಲ್ಲಿ ನಿಂತು ಅವನು ಕೇಳಿದ್ದು ಇದನ್ನು. ನನಗೇ ನನ್ನ ಮೇಲೆ ಅಸಹ್ಯವಾಯಿತು.

"ಇದು ಫೋನ್ ಮಾಡ್ದವ್ರಿಗೆ ಮಾತ್ರ ಕೇಳೂದು ಅಣ್ಣಪ್ಪಣ್ಣ, ನಿಮ್ಗೆ ಕೇಳೂದಿಲ್ಲ. ಹಾಡು ಹಾಕಿದ್ದೇವೆ ಅಂತ ಮೆಸೇಜ್ ಬಂದದೆ, ಇಲ್ಲಿ ನೋಡಿ. ಇಷ್ಟು ದಿನ ಯಾರೂ ಹೇಳ್ಲಿಲ್ವ?" ಎಂದ. ಯಾರು ಹೇಳಬೇಕು? ನಂಬರು ಇರುವುದು ಅವನೊಬ್ಬನ ಹತ್ತಿರ. ಅವನು ಮಾಡಿದರೆ ನಾನು ಎತ್ತುವುದಿಲ್ಲ. ಆ ಹಿಂದಿಯವಳ ಬಾಯಿ ಮುಚ್ಚಿಸಲು ಗುಂಡಿ ಒತ್ತಿದೆನಲ್ಲ, ಆಗಲೇ ಹತ್ತಿಕೊಂಡಿರಬೇಕು ಎಂದು ಶ್ರೀಕೃಷ್ಣ ಹೇಳುತ್ತಾನೆ.

ತೆಗೆಸಲು ಮೆಸೇಜು ಕಳಿಸಬೇಕಂತೆ, ಕಳಿಸಲು ಫೋನಿನಲ್ಲಿ ದುಡ್ಡಿರಬೇಕಂತೆ. ಹಾಕಿಸಿದೆ. ಹಳೆಯ ರಾಶಿಫಲದ ಬಾಕಿ, ಹಾಡಿನ ಬಾಕಿ ಎಂದು ಕಂಪನಿ ಅದನ್ನು ಹಾಕಿದ ಕ್ಷಣವೇ ನುಂಗಿತು. ಮತ್ತೆ ಹಾಕಿಸಿದೆ, ಮತ್ತೆ ನುಂಗಿತು. ಕಂಪನಿಯ ನಂಬರಿಗೆ ಫೋನು ಮಾಡಿದರೆ ಒಂದು ಒತ್ತಿ ಎರಡು ಒತ್ತಿ ಎನ್ನುತ್ತಾ ಕಡೆಗೆ ಕಟ್ಟಾಗುತ್ತದೆ. ಮನುಷ್ಯರು ಸಿಗುವುದಿಲ್ಲ. "ಇದನ್ನು ಬಿಸಾಡಿ, ಹೊಸ ಸಿಮ್ಮು ತಕಳಿ" ಎಂದ ಶ್ರೀಕೃಷ್ಣ. ಬೇಡವೆಂದೆ. ಸಂಜಯನಿಗೆ ಗೊತ್ತಿರುವುದು ಇದೊಂದೇ ನಂಬರು. ಇವತ್ತಲ್ಲ ನಾಳೆ ಮನಸ್ಸು ಕರಗಿ ರಿಂಗು ಕೊಟ್ಟರೆ ಅದು ಎಲ್ಲಿಗೆ ಬರಬೇಕು?

ಅವನು ಹೊರಡುವ ಮೊದಲು ಇದನ್ನು ಓದಿ ಹೇಳು. ಅವನ ಅವ್ವಿಯ ಮೇಲೆ ಆಣೆ, ಆ ಹಾಡು ನಾನು ಹಾಕಿಸಿದ್ದಲ್ಲ.

ಅಣ್ಣಪ್ಪ


ಬೆಳಕೆ
13 ಸೆಪ್ಟೆಂಬರ್ 2006

ಮಾವ,

ನಿಮ್ಮ ಪತ್ರ ಬರುವ ಮೊದಲೇ ಬೋಟು ಹೋಗಿತ್ತು. ಮೂರು ದಿನದ ಹಿಂದೆ ಬೆಳಿಗ್ಗೆ ಇವರು ಹೋದರು, ಅದೇ ಮಧ್ಯಾಹ್ನ ವೆಂಕಟ್ರಮಣ ಪತ್ರ ತಂದ. ಇವರಿಗೆ ಇನ್ನೂ ಏನೂ ಗೊತ್ತಿಲ್ಲ.

ಮೊನ್ನೆಯಿಂದ ಇಲ್ಲಿ ಗಾಳಿ ನಿಂತಿಲ್ಲ. ವಾಯುಭಾರ ಕುಸಿತವೆಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಹೋದ ಬೋಟುಗಳು ಒಂದೊಂದಾಗಿ ತಿರುಗಿ ಬಂದವು. ಇವರದು ಬಂದಿಲ್ಲ. ಇಂಜಿನ್ನು ಕೆಟ್ಟು ನಿಂತದ್ದನ್ನು ನೋಡಿದೆವು ಎಂದು ಒಬ್ಬರು ಹೇಳುತ್ತಾರೆ, ಅದು ಬೇರೆ ಬೋಟು ಎಂದು ಇನ್ನೊಬ್ಬರು. ಬೋಟಿನ ಸಾಹುಕಾರರು ಇವರ ಫೋನಿಗೆ ಮಾಡುತ್ತಲೇ ಇದ್ದಾರೆ, ಸಿಗುತ್ತಿಲ್ಲ.

ನಿನ್ನೆ ನಿಮಗೆ ತಿಳಿಸೋಣವೆಂದು ಬಂದರಿನ ಬೂತಿಗೆ ಹೋಗಿದ್ದೆ. ನಂಬರು ಒತ್ತಿದರೆ ಆ ಹಾಡು. ಬೂತಿನ ಸುತ್ತ ನನ್ನ ಹಾಗೆಯೇ ಕಾಯುತ್ತಿದ್ದ ಹೆಂಗಸರು. ರಿಸೀವರಿನಿಂದ ಅದು ಹೊರಗೆ ಕೇಳುತ್ತಿತ್ತು, ಎಲ್ಲರೂ ತಿರುಗಿ ನೋಡಿದರು. ನನಗೆ ತಡೆಯಲಾಗಲಿಲ್ಲ, ಇಟ್ಟುಬಿಟ್ಟೆ. ಆದ್ದರಿಂದ ಬರೆಯುತ್ತಿದ್ದೇನೆ.

ಮಾವ, ನೀವು ಕಡಲು ಕಂಡವರು. ಇಂಜಿನ್ನು ನಿಂತ ಬೋಟು ಈ ಗಾಳಿಗೆ ಎಲ್ಲಿಗೆ ಹೋಗುತ್ತದೆ? ಹೆದರಿಕೆಯಾಗುತ್ತಿದೆ.

ನೇತ್ರಾ


ಬಾಡ
14 ಸೆಪ್ಟೆಂಬರ್ 2006

ಮೊಬೈಲ್ ಕಂಪನಿಯ ಮುಖ್ಯಸ್ಥರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ವಿಳಾಸವನ್ನು ಶ್ರೀಕೃಷ್ಣ ಬರೆದುಕೊಡುತ್ತಾನೆ.

ನಿಮ್ಮ ಮೆಸೇಜುಗಳು ಬೇಕೆಂದು ನಾನು ಕೇಳಿಲ್ಲ. ಆದರೂ ಮುರಿದುಕೊಂಡ ದುಡ್ಡು ನನಗೆ ಬೇಡ, ಇಟ್ಟುಕೊಳ್ಳಿ. ಇನ್ನೂ ಬೇಕಾದರೆ ಕಳಿಸುತ್ತೇನೆ. ಆ ಹಾಡನ್ನು ಮಾತ್ರ ಇವತ್ತೇ ತೆಗೆಯಿರಿ. ನನ್ನ ಮಗ ಕಡಲಿನಲ್ಲಿದ್ದಾನೆ. ಮೊನ್ನೆ ಭಟ್ಕಳದ ನಂಬರಿನಿಂದ ರಿಂಗು ಬಂದು ನಿಂತಿತು. ಅವನೇ, ದಡ ಸೇರಿದ ಎಂದು ನಾನು ಖುಷಿಯಲ್ಲಿದ್ದೆ. ಅದು ನನ್ನ ಸೊಸೆ, ಗಂಡ ಬಂದಿಲ್ಲವೆಂದು ಹೇಳಲು ಮಾಡಿದ್ದಳು. ನಿಮ್ಮ ಹಾಡು ಕೇಳಿ ನಾಚಿ ಇಟ್ಟಳು.

ಮಗ ಬದುಕಿ ದಡದ ಹತ್ತಿರ ಬಂದರೂ ನನಗೆ ರಿಂಗು ಕೊಡಲು ಹಿಂಜರಿಯುತ್ತಾನೆ. ಕೊಟ್ಟರೆ ಅವನ ಕಿವಿಗೆ ಬೀಳುವುದು ಏನೆಂದು ನಿಮಗೆ ಗೊತ್ತಿದೆ. ನೀವೂ ಯಾರದೋ ಮಗ ಆಗಿರಬೇಕು. ನಿಮ್ಮ ತಾಯಿ ಸತ್ತ ವರ್ಷದಲ್ಲಿ ಅಪ್ಪನ ಫೋನಿನಿಂದ ಅದನ್ನು ಕೇಳಿಸಿಕೊಳ್ಳಿ, ಆಮೇಲೆ ನನಗೆ ರಾಶಿಫಲ ಹೇಳಿ.

ಅಣ್ಣಪ್ಪ, ಬಾಡ


ಹೊನ್ನಾವರ ಬಸ್ ಸ್ಟ್ಯಾಂಡು
15 ಸೆಪ್ಟೆಂಬರ್ 2006

ನೇತ್ರಾ,

ಸಂಜಯ ಬದುಕಿದ್ದಾನೆ. ಮೊದಲು ಇಷ್ಟು ಓದಿಕೊಂಡು ಕೂತುಕೋ, ಆಮೇಲೆ ಉಳಿದದ್ದು. ವೆಂಕಟ್ರಮಣನ ವ್ಯಾನು ಇಲ್ಲೇ ಸಿಕ್ಕಿತು. ಅವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ.

ನಿನ್ನ ಪತ್ರ ನೋಡಿದ ಮೇಲೆ ಬಾಡದಲ್ಲಿ ಕೂರಲು ಆಗಲಿಲ್ಲ. ನಿನ್ನ ಹತ್ತಿರ ಬರೋಣವೆಂದು ಬೆಳಿಗ್ಗೆ ಬಸ್ಸು ಹತ್ತಿದೆ. ಹಾಡು ಇನ್ನೂ ಹೋಗಿರಲಿಲ್ಲ. ಫೋನನ್ನು ಮುಷ್ಟಿಯಲ್ಲಿ ಹಿಡಿದು ಹಸಿರು ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೂತಿದ್ದೆ. ನಿನ್ನ ಹತ್ತಿರ ಫೋನಿಲ್ಲ. ಜೀವ ಉಳಿದರೆ ಮನೆಗೆಂದು ಮಾಡಲು ಅವನಿಗಿರುವುದು ನನ್ನದೊಂದೇ ನಂಬರು. ಸಿಟ್ಟು ಬಿಟ್ಟು ಮಾಡಿದನೋ, ಹಾಡು ಶುರುವಾಗುವ ಮೊದಲೇ ನಾನು ಎತ್ತಿಬಿಡಬೇಕು, ಅಷ್ಟೇ ತಲೆಯಲ್ಲಿತ್ತು. ಟುಂಯ್ ಎಂದಾಗೆಲ್ಲ ಬೆಚ್ಚಿಬಿದ್ದೆ. ಹಳದೀಪುರದಲ್ಲಿ ಜನ ಹತ್ತುತ್ತಿದ್ದರು. ಟ್ರಿ ಎಂದಿತು. ಒತ್ತಿಬಿಟ್ಟೆ.

"ಸಂಜಯಾ" ಎಂದೆ. ಆ ಕಡೆ ಬರೀ ಗಾಳಿ. ಆಮೇಲೆ, "ಅಪ್ಪ? ನೀ ಎಂತಕ್ಕೆ ಎತ್ತಿದೆ?" ಎಂದ.

ಇಷ್ಟು ತಿಂಗಳ ಮೇಲೆ ಅವನು ಆಡಿದ ಮೊದಲ ಮಾತು ಅದು. "ಹಾಡು ನಿನ್ನ ಕಿವಿಗೆ ಬೀಳ್ಬಾರ್ದು ಅಂತ ಎತ್ತಿದೆ. ಅದು ನಾ ಹಾಕಿದ್ದಲ್ವ ಮಗ, ಕಂಪನಿಯವ್ರು ಹಾಕಿದ್ದು. ನಂಗೆ ಕೇಳೂದೇ ಇಲ್ಲ ಅದು" ಎಂದು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿ ಹೇಳಿದೆ. ಅಳುತ್ತಿದ್ದೆ, ನಾಚಿಕೆಯಾಗಲಿಲ್ಲ. ಕಂಡಕ್ಟರ್ ಸೀಟಿ ಊದದೆ ಕಾಯ್ದ.

ಅವನು ಕಡೆತನಕ ಕೇಳಿಸಿಕೊಂಡ. ಆಮೇಲೆ, "ಉಂಡ್ಯಾ?" ಎಂದು ಕೇಳಿದ. ಗಾಳಿಗೆ ಸಿಕ್ಕಿ ಸತ್ತು ಬದುಕಿದವನು ನನ್ನನ್ನು ಕೇಳುತ್ತಾನೆ! ಇಂಜಿನ್ನು ಕೆಟ್ಟು ತೇಲಿ ಹೋಗಿದ್ದರಂತೆ. ಬೇರೆ ಬೋಟಿನವರು ಹಗ್ಗ ಹಾಕಿ ಎಳೆದು ತರುತ್ತಿದ್ದಾರೆ. ಎಲ್ಲರೂ ಜೀವ ಸಹಿತ ಇದ್ದಾರೆ. ಅವನ ಕೈಗೆ ಪೆಟ್ಟಾಗಿದೆ, ಬೇರೇನಿಲ್ಲ. ಹೊನ್ನಾವರದಲ್ಲಿ ಹೊಳೆ ಕಡಲು ಸೇರುವ ಅಳಿವೆಯಿಂದ ಒಳಗೆ ಬರುತ್ತಾರೆ. ನೀನು ಸಿಕ್ಕಿದ ಬಸ್ಸು ಹತ್ತಿ ಬಾ.

"ನೀರು ಏರ್ದೆ ಒಳ್ಗೆ ಬರೂಕೆ ಆಗೂದಿಲ್ಲ. ಎಷ್ಟೊತ್ತಾತೋ ಗೊತ್ತಿಲ್ಲ. ನೀ ಕಾಯ್ಬೇಡ, ಮನೆಗೆ ಹೋಗು" ಎಂದ.

"ಕಾಯ್ತೆ" ಎಂದೆ.

ಅವನು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಅವನ ಕಡೆಯ ಗಾಳಿ ಕೇಳುತ್ತಾ ಕೂತಿದ್ದೆ. ಕಡೆಗೆ ಅವನ ಫೋನಿನ ದುಡ್ಡು ಮುಗಿದು ಅದೇ ಕಟ್ಟಾಯಿತು.

ವೆಂಕಟ್ರಮಣ ಹಾರ್ನು ಹೊಡೆಯುತ್ತಿದ್ದಾನೆ. ನಾನು ಬಂದರಿಗೆ ಹೋಗಿ ಕೂರುತ್ತೇನೆ. ಸಂಜೆಯಾಗಲಿ, ನಾಳೆಯಾಗಲಿ, ಊರವರು ಏನಾದರೂ ಹೇಳಲಿ. ಈ ಸಲ ಕಾಯುತ್ತೇನೆ.

ಅಣ್ಣಪ್ಪ